ಸಂಜೆ ಐದರವರೆಗೂ ಯಾರೂ ಕರೆಯದವರು: ಮತ್ತಾಯ 20ನೇ ಅಧ್ಯಾಯವೂ ನಮ್ಮ ನಾಕಾವೂ

ಕಲ್ಯಾಣ (ಚರ್ಚೆ ಆರಂಭಿಸಿದವರು)

ಯೇಸು ಹೇಳಿದ ಒಂದು ಸಾಮ್ಯದಲ್ಲಿ, ಅಂದರೆ ದೃಷ್ಟಾಂತ ಕಥೆಯಲ್ಲಿ, ದ್ರಾಕ್ಷಿತೋಟದ ಯಜಮಾನ ಬೆಳಿಗ್ಗೆಯಿಂದ ಸಂಜೆ ಐದರವರೆಗೆ ಬೇರೆಬೇರೆ ಹೊತ್ತಿಗೆ ಆಳುಗಳನ್ನು ಕರೆಯುತ್ತಾನೆ, ಕೊನೆಗೆ ಎಲ್ಲರಿಗೂ ಒಂದೊಂದು ಬೆಳ್ಳಿ ನಾಣ್ಯ ಕೊಡುತ್ತಾನೆ, ಬೆಳಗಿನವರು ಗೊಣಗುತ್ತಾರೆ. ಈ ಕೂಲಿಯಾಳುಗಳ ಸಾಮ್ಯದ ಮೇಲೆ (ಮತ್ತಾಯ 20:1–16) ನಾನು ಕೇಳಿರುವ ಪ್ರಸಂಗಗಳೆಲ್ಲ ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತವೆ. ಬೆಳಿಗ್ಗೆ ಬಂದವರು ಬಾಲ್ಯದಿಂದಲೇ ಕರ್ತನನ್ನು ಅರಿತವರು, ಮಧ್ಯಾಹ್ನದವರು ನಡುವಯಸ್ಸಿನಲ್ಲಿ ಮನಸ್ಸು ತಿರುಗಿಸಿದವರು, ಸಂಜೆ ಐದರವರು ಸಾವಿನ ಹಾಸಿಗೆಯಲ್ಲಿ ನಂಬಿದವರು. ಶಿಲುಬೆಯ ಮೇಲಿನ ಕಳ್ಳನ ಉದಾಹರಣೆ ಬರುತ್ತದೆ, ಎಲ್ಲರಿಗೂ ಒಂದೇ ರಕ್ಷಣೆ ಎಂದು ಪ್ರಸಂಗ ಮುಗಿಯುತ್ತದೆ. ಈ ಅರ್ಥ ತಪ್ಪೆಂದು ನಾನು ಹೇಳುವುದಿಲ್ಲ. ಎರಡನೆಯ ಶತಮಾನದ ಬಿಷಪ್ ಐರೇನಿಯಸ್ ಆ ತಾಸುಗಳನ್ನು ದೇವರು ಮನುಷ್ಯರನ್ನು ಕರೆದ ಕಾಲಘಟ್ಟಗಳಾಗಿ ಓದಿದ. ಆಮೇಲಿನ ಓರಿಗೆನ್ ಮನುಷ್ಯನ ವಯಸ್ಸಿನ ಹಂತಗಳಾಗಿಯೂ ಓದಿದ. ಹಿರಿಯರು ಹಾಕಿದ ದಾರಿ ಅದು.

ಆದರೆ ಮುಂಬೈ ಬಳಿಯ ಈ ಕಲ್ಯಾಣದ ನಮ್ಮ ಕನ್ನಡ ಸಭೆಯ ಬೆಂಚುಗಳಲ್ಲಿ ಕುಳಿತವರು ಯಾರು ಎಂದು ನೋಡಿ. ಬೀದರ್, ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆಂದು ಬಂದ ಕುಟುಂಬಗಳೇ ಹೆಚ್ಚು. ಅಜ್ಜಂದಿರ ಕಾಲದಲ್ಲಿ ಮೆಥೊಡಿಸ್ಟ್ ಮಿಷನರಿಗಳಿಂದ ದೀಕ್ಷಾಸ್ನಾನ ಪಡೆದವರು. ಮಕ್ಕಳಲ್ಲಿ ಕೆಲವರು ಕಚೇರಿ ಸೇರಿದ್ದಾರೆ, ಕೆಲವರು ಇಂದಿಗೂ ನಾಕಾದಲ್ಲಿ, ಅಂದರೆ ದಿನಗೂಲಿಯವರು ಕೆಲಸಕ್ಕಾಗಿ ಕಾಯುವ ರಸ್ತೆ ಕೂಡಿನಲ್ಲಿ, ನಿಲ್ಲುತ್ತಾರೆ. ‘ಪೇಟೆಯಲ್ಲಿ ಸುಮ್ಮನೆ ನಿಂತಿದ್ದವರು’ ಎಂಬ ಮಾತು ಕಿವಿಗೆ ಬಿದ್ದಾಗ ಅವರ ಮನಸ್ಸಿಗೆ ಮೊದಲು ಬರುವುದು ಸಾವಿನ ಹಾಸಿಗೆಯೋ, ನಾಳೆಯ ಬೆಳಗೋ?

ನಮ್ಮ ಕಡೆಯ ನಾಕಾದಲ್ಲಿ ಬೆಳಿಗ್ಗೆ ಏಳೂವರೆಗೆ ನಿಂತರೆ ಯಾರು ಯಾವ ಕೆಲಸದವರೆಂದು ಕೇಳಬೇಕಾಗಿಲ್ಲ. ಗೌಂಡಿ ತನ್ನ ಚೀಲದಿಂದ ಕರಣಿಯ ಹಿಡಿ ಹೊರಗೆ ಕಾಣುವಂತೆ ಇಟ್ಟುಕೊಂಡಿರುತ್ತಾನೆ. ಪೇಂಟರ್ ಮುಂದೆ ಖಾಲಿ ಡಬ್ಬ, ಅದರ ಮೇಲೆ ಅಡ್ಡವಾಗಿ ಬ್ರಷ್. ಬಿಗಾರಿಗಳಿಗೆ ತೋರಿಸಲು ಎರಡು ಕೈ ಬಿಟ್ಟರೆ ಬೇರೇನೂ ಇಲ್ಲ. ಹೆಂಗಸರು ತಲೆಗೆ ಸಿಂಬಿ ಸುತ್ತಲೆಂದು ತಂದ ಹಳೆಯ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಡಿಗಳ ಮೆಟ್ಟಿಲ ಮೇಲೆ ಕುಳಿತಿರುತ್ತಾರೆ. ಬೈಕೊಂದು ನಿಧಾನವಾದರೆ ಸಾಕು, ಹತ್ತು ಜನ ಸುತ್ತುವರಿಯುತ್ತಾರೆ. ಬಂದವನು ಬೆರಳು ತೋರಿಸಿ ಇಬ್ಬರನ್ನು ಆರಿಸುತ್ತಾನೆ. ಮೊದಲು ಹೋಗುವವರು ಗಟ್ಟಿಮುಟ್ಟಾದ ಹುಡುಗರು. ಹತ್ತು ಗಂಟೆಗೆ ಅಲ್ಲಿ ಉಳಿದವರನ್ನು ನೋಡಿ: ಕಣ್ಣಿಗೆ ಪೊರೆ ಬಂದ ಮುದುಕ, ಕಾಲೆಳೆದು ನಡೆಯುವವನು, ಮಡಿಲಲ್ಲಿ ಕೂಸಿರುವ ತಾಯಿ, ನಿನ್ನೆಯಷ್ಟೇ ಊರಿನಿಂದ ಬಂದು ಹಿಂದಿ ಬಾರದೆ ಹಿಂದೆ ನಿಂತ ಹುಡುಗ.

ಹನ್ನೊಂದನೆಯ ತಾಸು ಎಂದರೆ ನಮ್ಮ ಸಂಜೆ ಐದು. ಅಲ್ಲಿಯವರೆಗೂ ಪೇಟೆಯಲ್ಲಿ ಉಳಿದಿದ್ದವರು ಇಂಥವರೇ ಇರಬೇಕು. ‘ದಿನವೆಲ್ಲ ಯಾಕೆ ಸುಮ್ಮನೆ ನಿಂತಿದ್ದೀರಿ’ ಎಂದು ಯಜಮಾನ ಕೇಳುತ್ತಾನೆ. ‘ನಮ್ಮನ್ನು ಯಾರೂ ಕರೆಯಲಿಲ್ಲ’ ಎನ್ನುತ್ತಾರೆ. ಅವನು ಆ ಮಾತನ್ನು ನಂಬುತ್ತಾನೆ. ಸೋಮಾರಿಗಳೆಂದು ಜರೆಯುವುದಿಲ್ಲ, ಬೆಳಿಗ್ಗೆ ಎಲ್ಲಿ ಹೋಗಿದ್ದಿರಿ ಎಂದು ಕೆದಕುವುದಿಲ್ಲ. ನೀವೂ ತೋಟಕ್ಕೆ ಹೋಗಿ ಎನ್ನುತ್ತಾನೆ. ಹೊತ್ತು ಮುಳುಗಿದಾಗ ಅವರ ಕೈಗೂ ಇಡೀ ದಿನದ ಕೂಲಿ ಬೀಳುತ್ತದೆ.

ಬೆಳ್ಳಿಯ ಆ ಒಂದು ನಾಣ್ಯ ದಿನಗೂಲಿಯವನ ಮನೆಯ ಅಂದಿನ ಊಟ. ಒಂದು ತಾಸು ದುಡಿದವನ ಮನೆಯಲ್ಲಿ ಹಸಿವು ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಯುವುದಿಲ್ಲ. ಯಜಮಾನ ಕೂಲಿಯನ್ನು ಅಳೆದದ್ದು ಮನೆಯ ಅಗತ್ಯದಿಂದ ಎಂದು ನಾನು ಓದುತ್ತೇನೆ. ಈ ಸಾಮ್ಯವನ್ನು ನಾವು ಪೂರ್ತಿಯಾಗಿ ಪರಲೋಕಕ್ಕೆ ಸಾಗಹಾಕಿಬಿಟ್ಟಿದ್ದೇವೆ, ಯಾಕೆಂದರೆ ಅಲ್ಲಿ ಅದಕ್ಕೆ ನಮ್ಮ ಜೇಬಿನಿಂದ ಏನೂ ಕೊಡಬೇಕಾಗಿಲ್ಲ. ನಿಮ್ಮೆಲ್ಲರ ಅಭಿಪ್ರಾಯ ತಿಳಿಸಿ.

ಪಿಂಪ್ರಿ, ಪುಣೆ (ಸೈಟ್ ಎಂಜಿನಿಯರ್)

ಸಹೋದರರೇ, ನಿಮ್ಮ ಕಳಕಳಿ ನನಗೆ ಅರ್ಥವಾಗುತ್ತದೆ, ಓದು ಒಪ್ಪಿಗೆಯಾಗುವುದಿಲ್ಲ. ಸಾಮ್ಯ ಶುರುವಾಗುವುದೇ ‘ಪರಲೋಕರಾಜ್ಯವು ಹೀಗಿದೆ’ ಎಂಬ ಮಾತಿನಿಂದ. ಕರ್ತನು ದೇವರ ಕೃಪೆ ಹೇಗಿರುತ್ತದೆಂದು ಹೇಳುತ್ತಿದ್ದಾನೆ. ಕೂಲಿ ದರ ನಿಗದಿ ಮಾಡುತ್ತಿಲ್ಲ.

ನಾನು ಆಳುಗಳ ಹಾಜರಿ ಬರೆಯುವವನು. ಇಂದು ಸಂಜೆ ಐದಕ್ಕೆ ಬಂದವನಿಗೆ ಪೂರ್ತಿ ಹಾಜರಿ ಹಾಕಿದರೆ ನಾಳೆ ಬೆಳಿಗ್ಗೆ ಎಂಟಕ್ಕೆ ಸೈಟಿಗೆ ಯಾರು ಬರುತ್ತಾರೆ? ಇನ್ನೊಂದು ಮಾತು. ಗೊಣಗಿದವರನ್ನು ಪ್ರಸಂಗಗಳಲ್ಲಿ ಯಾವಾಗಲೂ ಹೊಟ್ಟೆಕಿಚ್ಚಿನವರೆಂದು ಬಯ್ಯುತ್ತೇವೆ. ಅವರು ಹೇಳಿದ್ದರಲ್ಲಿ ಸುಳ್ಳೇನಿದೆ? ದಿನದ ಭಾರವನ್ನೂ ಬಿಸಿಲನ್ನೂ ಹೊತ್ತವರು ಅವರೇ. ನನ್ನ ತಂದೆ ಊರು ಬಿಟ್ಟು ಬಂದು ಜೀವಮಾನವೆಲ್ಲ ಬೆಳಗಿನ ಆಳಾಗಿ ದುಡಿದರು, ಮಧ್ಯಾಹ್ನದ ಬಿಸಿಲಿನಲ್ಲಿ ಕಬ್ಬಿಣದ ಸರಳು ಕೈ ಸುಡುತ್ತಿದ್ದರೂ ಬಾಗಿಸಿ ಕಟ್ಟಿದರು. ಅಂಥವರು ‘ನಮ್ಮನ್ನೂ ಅವರನ್ನೂ ಸಮ ಮಾಡಿದಿರಿ’ ಎಂದರೆ ಅದನ್ನು ಪಾಪವೆಂದು ಹೇಳಲು ನನ್ನ ನಾಲಿಗೆ ಏಳುವುದಿಲ್ಲ. ಕೆಲಸ ಮಾಡಲೊಲ್ಲದವನು ಊಟ ಮಾಡಬಾರದು ಎಂದು ಪೌಲನೂ ಥೆಸಲೋನಿಕದವರಿಗೆ ಬರೆದಿದ್ದಾನಲ್ಲ. ಕೃಪೆಯನ್ನು ಕೃಪೆಯಾಗಿಯೇ ಬಿಡಿ. ಅದನ್ನು ಪಗಾರದ ಚೀಟಿಗೆ ಇಳಿಸಿದರೆ ಕೃಪೆಯೂ ಉಳಿಯುವುದಿಲ್ಲ, ನ್ಯಾಯವೂ ಉಳಿಯುವುದಿಲ್ಲ.

ಪುಣೆ (ದೇವಶಾಸ್ತ್ರದ ವಿದ್ಯಾರ್ಥಿನಿ)

ಎಂಜಿನಿಯರ್ ಅಣ್ಣನವರು ಕೊಟ್ಟ ಪೌಲನ ವಚನದಿಂದಲೇ ಶುರು ಮಾಡುತ್ತೇನೆ. ಅಲ್ಲಿ ಆಕ್ಷೇಪ ಇರುವುದು ಕೆಲಸ ಮಾಡಲು ಮನಸ್ಸಿಲ್ಲದವನ ಬಗ್ಗೆ. ಪೇಟೆಯಲ್ಲಿ ಐದರವರೆಗೆ ನಿಂತವರಿಗೆ ಮನಸ್ಸಿತ್ತು, ಇಲ್ಲದಿದ್ದರೆ ಅವರು ಎಂದೋ ಮನೆಗೆ ಹೋಗುತ್ತಿದ್ದರು. ಅವರಿಗೆ ಇಲ್ಲದಿದ್ದದ್ದು ಕರೆಯುವವರು.

ಸಾಮ್ಯವನ್ನು ಅದರ ಹಿಂದುಮುಂದಿನ ಮಾತುಗಳೊಂದಿಗೆ ಓದಬೇಕೆಂದು ನನ್ನ ಕೋರಿಕೆ. ಬೈಬಲಿನ ಅಧ್ಯಾಯಗಳ ವಿಂಗಡಣೆ ಆದದ್ದು 13ನೇ ಶತಮಾನದಲ್ಲಿ. ಮತ್ತಾಯನು 19 ಮುಗಿಯಿತು, ಇನ್ನು 20 ಎಂದು ನಿಲ್ಲಿಸಿ ಬರೆದವನಲ್ಲ. 19ರ ಕೊನೆಗೆ ಏನಾಗುತ್ತದೆ? ಆಸ್ತಿ ಬಿಡಲಾರದ ಐಶ್ವರ್ಯವಂತ ಯುವಕ ದುಃಖದಿಂದ ಹೊರಟುಹೋಗುತ್ತಾನೆ. ಕೂಡಲೇ ಪೇತ್ರನು, ನಾವು ಎಲ್ಲವನ್ನೂ ಬಿಟ್ಟು ನಿನ್ನ ಹಿಂದೆ ಬಂದೆವಲ್ಲ, ನಮಗೆ ಏನು ಸಿಗುತ್ತದೆ ಎಂದು ಕೇಳುತ್ತಾನೆ. ಯೇಸು ದೊಡ್ಡ ವಾಗ್ದಾನವನ್ನೇ ಕೊಡುತ್ತಾನೆ, ಕೊಟ್ಟು ‘ಮೊದಲಿನವರು ಕಡೆಯವರಾಗುವರು’ ಎಂದು ಸೇರಿಸಿ ಈ ಸಾಮ್ಯವನ್ನು ಹೇಳುತ್ತಾನೆ. ಮುಗಿದ ಸ್ವಲ್ಪ ಹೊತ್ತಿಗೇ ಇಬ್ಬರು ಶಿಷ್ಯರ ತಾಯಿಯಾದ ಜೆಬೆದಾಯನ ಹೆಂಡತಿ ಬಂದು, ನಿನ್ನ ರಾಜ್ಯದಲ್ಲಿ ನನ್ನ ಮಕ್ಕಳಿಬ್ಬರನ್ನು ಬಲಕ್ಕೂ ಎಡಕ್ಕೂ ಕೂರಿಸು ಎಂದು ಬೇಡುತ್ತಾಳೆ. ಹೀಗೆ ಮೊದಲು ಬಂದವರು ತಮ್ಮ ಹಕ್ಕನ್ನು ಎಣಿಸುತ್ತಿರುವ ಎರಡು ಪ್ರಸಂಗಗಳ ನಡುವೆ ಈ ಕಥೆ ಇದೆ. ಇದು ಹೊರಗಿನವರಿಗಿಂತ ಮೊದಲು ಶಿಷ್ಯರ ಕಿವಿಗೆ ಹೇಳಿದ ಮಾತು.

ಪರಲೋಕರಾಜ್ಯ ಎಂದ ಮಾತ್ರಕ್ಕೆ ಕೂಲಿಯ ಪ್ರಶ್ನೆ ಹೊರಗುಳಿಯುತ್ತದೆಯೇ? ದ್ರಾಕ್ಷಿತೋಟ ಎಂದಾಗ ಆ ಕಾಲದ ಯೆಹೂದ್ಯರಿಗೆ ಯೆಶಾಯ 5ನೇ ಅಧ್ಯಾಯ ನೆನಪಾಗದೆ ಇರುತ್ತಿರಲಿಲ್ಲ. ಅಲ್ಲಿ ಇಸ್ರಾಯೇಲೇ ಕರ್ತನ ತೋಟ. ಅವನು ಅದರಲ್ಲಿ ನ್ಯಾಯವನ್ನು ಹುಡುಕುತ್ತಾನೆ, ಸಿಗುವುದು ರಕ್ತಪಾತ ಮತ್ತು ಗೋಳಾಟ. ಅದರ ಮರುವಚನವೇ, ಬೇರೆಯವರಿಗೆ ನಿಲ್ಲಲು ಜಾಗವಿಲ್ಲದಂತೆ ಮನೆಗೆ ಮನೆ, ಹೊಲಕ್ಕೆ ಹೊಲ ಸೇರಿಸಿಕೊಳ್ಳುವವರಿಗೆ ಅಯ್ಯೋ ಎನ್ನುತ್ತದೆ. ಮುಂಬೈಯಲ್ಲಿ, ಪುಣೆಯಲ್ಲಿ ಇರುವ ನಮಗೆ ಆ ವಚನವನ್ನು ವಿವರಿಸಿ ಹೇಳುವವರು ಬೇಕಾಗಿಲ್ಲ.

ಪ್ರಾಚೀನ ಸಭೆಯ ಗುರು ಆಗಸ್ಟೀನನು ಆ ನಾಣ್ಯವೇ ನಿತ್ಯಜೀವ ಎಂದ. ನಿತ್ಯಜೀವದಲ್ಲಿ ಹೆಚ್ಚುಕಡಿಮೆ ಇಲ್ಲ, ಆದ್ದರಿಂದ ಎಲ್ಲರಿಗೂ ಸಮ. ಸುಂದರವಾದ ಅರ್ಥ. ಆದರೆ ಸಮನಾಗಿ ಸಿಗುವ ಇನ್ನೊಂದು ವಸ್ತು ಬೈಬಲಿನಲ್ಲಿ ಅದಕ್ಕೂ ಮೊದಲೇ ಇದೆ, ಅರಣ್ಯದಲ್ಲಿ ದೇವರು ಇಸ್ರಾಯೇಲರಿಗೆ ಕೊಟ್ಟ ಆಹಾರವಾದ ಮನ್ನಾ. ಹೆಚ್ಚು ಕೂಡಿಸಿದವನಿಗೆ ಹೆಚ್ಚಾಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ (ವಿಮೋಚನಕಾಂಡ 16:18). ಪೌಲನು ಇದೇ ವಚನವನ್ನು ಎರಡನೆಯ ಕೊರಿಂಥ 8ರಲ್ಲಿ ಎತ್ತಿ ಹೇಳಿದ್ದು ಯಾವುದರ ಬಗ್ಗೆ? ಬಡ ಸಭೆಗಾಗಿ ಹಣ ಕೂಡಿಸುವುದರ ಬಗ್ಗೆ. ಅವನಿಗೆ ಕೃಪೆಯೂ ಕಾಣಿಕೆಯ ಪೆಟ್ಟಿಗೆಯೂ ಬೇರೆಬೇರೆ ಲೋಕದವು ಆಗಿರಲಿಲ್ಲ.

ವಾಸ್ಕೋ, ಗೋವಾ

ನಾವು ಕಥೋಲಿಕರು. ಅಪ್ಪ ಬೆಳಗಾವಿ ಕಡೆಯಿಂದ ಬಂದು ಬಂದರಿನಲ್ಲಿ ದುಡಿದವರು, ನಾನು ಆಸ್ಪತ್ರೆಯಲ್ಲಿ ನರ್ಸ್. ಕಲ್ಯಾಣದ ಅಣ್ಣನವರ ಬರಹ ಓದಿ ನನಗೆ ಬೇರೆಯೇ ಜಾಗ ಚುಚ್ಚಿತು.

ಗೊಣಗಿದವರ ಮಾತನ್ನು ಇನ್ನೊಮ್ಮೆ ನೋಡಿ. ನಮಗೆ ಕಡಿಮೆ ಕೊಟ್ಟಿರಿ ಎಂದು ಅವರು ಹೇಳುವುದಿಲ್ಲ. ಅವರನ್ನು ನಮಗೆ ಸಮ ಮಾಡಿದಿರಿ ಎನ್ನುತ್ತಾರೆ. ಅವರ ಕೈಯ ನಾಣ್ಯ ಸವೆದಿರಲಿಲ್ಲ, ಒಪ್ಪಿದಷ್ಟೇ ಸಿಕ್ಕಿತ್ತು. ನೋವಾದದ್ದು ಪಕ್ಕದವನ ಕೈಯಲ್ಲಿ ಅಂಥದ್ದೇ ನಾಣ್ಯ ಕಂಡಾಗ. ಗೋವಾಕ್ಕೆ ಕೆಲಸ ಹುಡುಕಿ ಬಂದ ನಮ್ಮಂಥವರಿಗೆ ಈ ನೋಟ ಹೊಸದಲ್ಲ. ‘ಘಾಂಟಿ’ (ಘಟ್ಟದ ಆಚೆಯವರು ಎಂಬ ಹೀಯಾಳಿಕೆ) ಎಂದು ಕರೆಸಿಕೊಂಡೇ ನಾವು ಬೆಳೆದೆವು. ಒಂದು ಧರ್ಮಕೇಂದ್ರದಲ್ಲಿ ನಾವು ಕನ್ನಡದ ಬಲಿಪೂಜೆಗೆ ಸಮಯ ಕೇಳಿದಾಗ ಯಾರಿಗೂ ಬೇಡವಾದ ಮಧ್ಯಾಹ್ನದ ಹೊತ್ತು ಸಿಕ್ಕಿತು, ಅದೂ ಬಹಳ ಓಡಾಡಿದ ಮೇಲೆ. ನಮ್ಮ ಮನೆಯವರು ಆಗ ಬಹಳ ನೊಂದರು.

ಈಗ ಅದೇ ನಮ್ಮವರು ಏನು ಹೇಳುತ್ತಾರೆ ಗೊತ್ತೇ? ಮೊನ್ನೆ ಮೊನ್ನೆ ಬಂದ ಕುಟುಂಬದ ಹುಡುಗನನ್ನು ಗಾಯನವೃಂದದಲ್ಲಿ ಮುಂದೆ ನಿಲ್ಲಿಸಿದರೆ ‘ನಾವು ಬಂದು ಎಷ್ಟು ವರ್ಷವಾಯಿತು, ನಿನ್ನೆ ಬಂದವರಿಗೆ ಇಷ್ಟೊಂದು ಸ್ಥಾನವೇ’ ಎನ್ನುತ್ತಾರೆ. ಬೆಳಿಗ್ಗೆ ಬಂದವರು ಎಂದರೆ ಸ್ಥಳೀಯರು ಎಂದುಕೊಂಡಿದ್ದೆವು, ಅವರಿಗೆ ನಾವು ಐದು ಗಂಟೆಯವರು. ಈಗ ನಮ್ಮ ಹಿಂದೆ ಬಂದವರಿಗೆ ನಾವೇ ಬೆಳಗಿನವರಾಗಿ ಕುಳಿತಿದ್ದೇವೆ. ಆದ್ದರಿಂದ ಎಂಜಿನಿಯರ್ ಅಣ್ಣ, ನಿಮ್ಮ ತಂದೆಯವರ ಬೆವರಿಗೆ ನನ್ನ ನಮಸ್ಕಾರ. ಯಜಮಾನನೂ ಗೊಣಗಿದವನನ್ನು ‘ಗೆಳೆಯನೇ’ ಎಂದೇ ಕರೆಯುತ್ತಾನೆ, ಅವನ ಕೂಲಿ ಕಸಿದುಕೊಳ್ಳುವುದಿಲ್ಲ. ಆದರೆ ಆ ಬೆವರನ್ನು ಹಿಂದೆ ಬಂದವನ ಎದುರು ಸಾಲಪತ್ರದ ಹಾಗೆ ಹಿಡಿಯಬಾರದು.

ವಾರ್ಡಿನಲ್ಲಿ ಸಾಯುವವರನ್ನು ನಾನು ನೋಡುತ್ತೇನೆ. ಕೊನೆಯ ಗಳಿಗೆಯಲ್ಲಿ ಗುರುಗಳನ್ನು ಕರೆಸಿ ಎಂದು ಕೇಳಿಕೊಂಡವರೂ ಇದ್ದಾರೆ. ಅವರಿಗಾಗಿ ಹಳೆಯ ಅರ್ಥವೂ ನನಗೆ ಬೇಕು. ಆರ್ಥೊಡಾಕ್ಸ್ ಸಭೆಗಳಲ್ಲಿ ಪಾಸ್ಖದ (ಪುನರುತ್ಥಾನ ಹಬ್ಬದ) ರಾತ್ರಿ, ಪ್ರಾಚೀನ ಬಿಷಪ್ ಕ್ರಿಸೊಸ್ತೊಮರದೆಂದು ಓದುವ ಪ್ರಸಂಗದಲ್ಲಿ, ಹನ್ನೊಂದನೆಯ ತಾಸಿಗೆ ಬಂದವನೂ ತಡವಾಯಿತೆಂದು ಹೆದರಬಾರದು ಎನ್ನುವ ಭಾಗವಿದೆ. ಆ ಧೈರ್ಯವನ್ನು ನಮ್ಮ ರೋಗಿಗಳಿಂದ ಕಿತ್ತುಕೊಳ್ಳಬೇಡಿ.

ಮಾಟುಂಗ (ನಿವೃತ್ತ ಬ್ಯಾಂಕ್ ನೌಕರ)

ಇದೇ ಸಾಮ್ಯ ಮುಂಬೈಯ ಬೀದಿಗೆ ಬಂದ ಒಂದು ಸಂಗತಿ ನಮ್ಮ ಕಿರಿಯರಿಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಇಂಗ್ಲೆಂಡಿನ ಜಾನ್ ರಸ್ಕಿನ್ 1860ರಲ್ಲಿ ಅರ್ಥಶಾಸ್ತ್ರದ ಮೇಲೆ ನಾಲ್ಕು ಪ್ರಬಂಧಗಳನ್ನು ಬರೆದು ‘ಅನ್‌ಟು ದಿಸ್ ಲಾಸ್ಟ್’ ಎಂದು ಹೆಸರಿಟ್ಟ. ಆ ಹೆಸರು ಮತ್ತಾಯ 20:14ರಿಂದ ತೆಗೆದದ್ದು, ‘ಈ ಕಡೆಯವನಿಗೂ ನಿನಗೆ ಕೊಟ್ಟಷ್ಟೇ ಕೊಡುವುದು ನನ್ನ ಇಷ್ಟ’ ಎಂಬ ಯಜಮಾನನ ಮಾತು. 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೊರಟ ಗಾಂಧೀಜಿಯ ಕೈಗೆ ಗೆಳೆಯ ಪೋಲಾಕ್ ಆ ಪುಸ್ತಕ ಕೊಟ್ಟರು. ರೈಲಿನಲ್ಲಿ ಓದಿ ಅವರಿಗೆ ರಾತ್ರಿ ನಿದ್ದೆ ಬರಲಿಲ್ಲ. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಒಂದೇ ಬೆಲೆ, ಇಬ್ಬರಿಗೂ ದುಡಿದು ಬದುಕುವ ಹಕ್ಕು ಒಂದೇ ಎಂಬುದು ಅವರು ಅದರಿಂದ ಕಲಿತ ಪಾಠಗಳಲ್ಲಿ ಒಂದು. ಅದೇ ವರ್ಷ ಫೀನಿಕ್ಸ್ ಆಶ್ರಮ ಶುರುವಾಯಿತು. 1908ರಲ್ಲಿ ಪುಸ್ತಕದ ಸಾರವನ್ನು ಗುಜರಾತಿಯಲ್ಲಿ ‘ಸರ್ವೋದಯ’ ಎಂದು ಬರೆದರು. ಮುಂಬೈ ಸರ್ಕಾರ ಅದನ್ನು ನಿಷೇಧಿಸಿತು. 1919ರ ಏಪ್ರಿಲ್ 6ರಂದು, ರೌಲಟ್ ಕಾಯ್ದೆಯ ವಿರುದ್ಧ ಹರತಾಳ ನಡೆದ ದಿನದ ಸಂಜೆ, ಗಾಂಧೀಜಿ ಮತ್ತು ಸಂಗಡಿಗರು ಕಾನೂನುಭಂಗವೆಂದೇ ಅದನ್ನು ‘ಹಿಂದ್ ಸ್ವರಾಜ್’ ಜೊತೆಗೆ ಇದೇ ಊರಿನಲ್ಲಿ ಮಾರಿದರು. ನಮ್ಮ ಸಭೆಗಳು ಇದನ್ನು ಪರಲೋಕದ ವಚನವೆಂದು ಓದುತ್ತಿದ್ದ ಕಾಲದಲ್ಲಿ ಒಬ್ಬ ಹಿಂದೂ ಅದನ್ನು ಕೂಲಿಯ ವಚನವೆಂದು ಓದಿದರು, ಸರ್ಕಾರಕ್ಕೂ ಅದರ ಬಿಸಿ ತಟ್ಟಿತು.

ನಮ್ಮ ಹಿರಿಯರು ಕೈಕಟ್ಟಿ ಕುಳಿತಿರಲಿಲ್ಲ ಎನ್ನುವುದನ್ನೂ ಹೇಳಬೇಕು. ನಾನು ಬಾಸೆಲ್ ಮಿಷನ್ ಮನೆತನದವನು. ಮತಾಂತರವಾದವರನ್ನು ಮನೆತನ, ಜಮೀನು, ಕಸುಬು ಎಲ್ಲದರಿಂದ ಹೊರಹಾಕಿದಾಗ ಮಿಷನ್ ಅವರಿಗಾಗಿ ನೇಯ್ಗೆ ಶುರುಮಾಡಿತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ದೀಕ್ಷಾಸ್ನಾನ ಕೊಟ್ಟವರೇ ಪಗಾರವನ್ನೂ ಕೊಡಬೇಕಾಯಿತು. ಅದರಲ್ಲಿ ಯಜಮಾನಿಕೆಯ ದರ್ಪವೂ ಬೆರೆತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೂ ಕೂಲಿಯ ಪ್ರಶ್ನೆ ಸಭೆಗೆ ಸಂಬಂಧಿಸಿದ್ದಲ್ಲ ಎಂದು ಅವರು ಹೇಳಲಿಲ್ಲ.

ಪುಣೆಯವರು ಇದ್ದೀರಿ, ಹತ್ತಿರದ ಕೇಡಗಾಂವನ್ನು ನೆನೆಯಿರಿ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ. 1896–97ರ ಬರಗಾಲದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ಹಸಿದ ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಕರೆತಂದರು. ಕೇಡಗಾಂವಿನ ತಮ್ಮ ಮುಕ್ತಿ ಆಶ್ರಮದಲ್ಲಿ ಅವರಿಗೆ ಹೊಲದ ಕೆಲಸ, ನೇಯ್ಗೆ, ಅಚ್ಚುಕೂಟದ ಕೆಲಸ ಕಲಿಸಿದರು. ಕಣ್ಣಿಲ್ಲದವರನ್ನು, ಮುದುಕಿಯರನ್ನು, ಸಮಾಜ ‘ಕೆಟ್ಟವಳು’ ಎಂದು ದೂಡಿದವರನ್ನು ಸೇರಿಸಿಕೊಂಡರು. ಕಲ್ಯಾಣದವರು ಹೇಳಿದ ‘ಯಾರೂ ಕರೆಯದವರು’ ಇವರೇ ಅಲ್ಲವೇ.

ಪಿಂಪ್ರಿ, ಪುಣೆ (ಸೈಟ್ ಎಂಜಿನಿಯರ್)

ವಾಸ್ಕೋದ ಸಹೋದರಿಯ ಮಾತು ನನ್ನನ್ನು ತಟ್ಟಿದೆ. ತಂದೆಯ ವಿಷಯದಲ್ಲಿ ಇನ್ನೂ ಯೋಚಿಸುತ್ತಿದ್ದೇನೆ. ಆದರೆ ಪಠ್ಯದ ಬಗ್ಗೆ ನನಗೊಂದು ಸಂಶಯ ಉಳಿದಿದೆ.

ಸ್ಲ್ಯಾಬ್ ಹಾಕುವ ದಿನ ನಮ್ಮಲ್ಲಿ ಸಂಜೆಗೂ ಆಳು ಕರೆಯುತ್ತೇವೆ. ಒಮ್ಮೆ ಕಾಂಕ್ರೀಟ್ ಸುರಿಯಲು ಶುರುಮಾಡಿದರೆ ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಹಳೆಯದು ಗಟ್ಟಿಯಾಗಿ, ಹೊಸದು ಅದಕ್ಕೆ ಕೂಡಿಕೊಳ್ಳದೆ ಅಲ್ಲಿ ಸೀಳು ಉಳಿಯುತ್ತದೆ, ಮಳೆಗಾಲದಲ್ಲಿ ಅಲ್ಲಿಂದಲೇ ನೀರು ಇಳಿಯುತ್ತದೆ. ಆದ್ದರಿಂದ ಮಿಕ್ಸರ್ ಕೈಕೊಟ್ಟು ಕೆಲಸ ಹಿಂದೆ ಬಿದ್ದರೆ ಐದಕ್ಕೋ ಆರಕ್ಕೋ ನಾಕಾಕ್ಕೆ ಟೆಂಪೋ ಕಳಿಸಿ ಸಿಕ್ಕವರನ್ನು ಕರೆತರುತ್ತೇವೆ. ಆಗ ಒಂದೆರಡು ತಾಸಿಗೆ ಪೂರ್ತಿ ಹಾಜರಿ ಕೇಳುತ್ತಾರೆ, ನಾವೂ ಕೊಡುತ್ತೇವೆ. ಅದು ಔದಾರ್ಯ ಅಲ್ಲ, ನಮ್ಮ ಗರಜು. ತೋಟದ ಯಜಮಾನನಿಗೂ ಸುಗ್ಗಿಯ ಗರಜು ಇದ್ದಿರಬಾರದೇಕೆ? ಹಣ್ಣು ಬಳ್ಳಿಯಲ್ಲೇ ಕೊಳೆಯುವ ಮೊದಲು ಬಿಡಿಸಬೇಕಲ್ಲ.

ಪುಣೆ (ದೇವಶಾಸ್ತ್ರದ ವಿದ್ಯಾರ್ಥಿನಿ)

ಅಣ್ಣ, ಇದು ಒಳ್ಳೆಯ ಪ್ರಶ್ನೆ. ಬೆಳಿಗ್ಗೆ ಅವನು ಹೊರಟದ್ದು ತೋಟಕ್ಕೆ ಆಳು ಹುಡುಕಲೆಂದೇ, ಅದನ್ನು ಮತ್ತಾಯನೇ ಹೇಳುತ್ತಾನೆ. ಆದರೆ ಆಮೇಲೆ ಅವನು ನಾಲ್ಕು ಸಲ ಹೊರಗೆ ಹೋದಾಗ ಒಮ್ಮೆಯೂ ಕೆಲಸ ಬಾಕಿ ಇದೆ, ಹೊತ್ತು ಮೀರುತ್ತಿದೆ ಎನ್ನುವುದಿಲ್ಲ. ಅವನ ಕಣ್ಣಿಗೆ ಬೀಳುವುದು ನಿಂತವರು. ಐದು ಗಂಟೆಗೆ ಅವನು ಆಡುವ ಒಂದೇ ಪ್ರಶ್ನೆ ಅವರ ಬಗ್ಗೆ, ಹಣ್ಣಿನ ಬಗ್ಗೆ ಅಲ್ಲ. ಇನ್ನೂ ಒಂದು. ಗರಜಿನಿಂದ ಕರೆದಿದ್ದರೆ ಅವರು ನಿಮ್ಮ ಸ್ಲ್ಯಾಬಿನ ಆಳುಗಳಂತೆ ಮೊದಲೇ ದರ ಮಾತಾಡಿಕೊಳ್ಳುತ್ತಿದ್ದರು. ಅವರು ಏನೂ ಕೇಳದೆ ಹೋದರು. ಬೇಕಾದದ್ದು ಅವರಿಗೆ, ಅವನಿಗಲ್ಲ.

ಕೊಡುವ ಕ್ರಮವನ್ನೂ ಗಮನಿಸಿ. ಪಾರುಪತ್ಯಗಾರನಿಗೆ ಕಡೆಯವರಿಂದ ಮೊದಲುಮಾಡಿ ಕೊಡು ಎನ್ನುತ್ತಾನೆ. ಮೊದಲಿನವರಿಗೆ ಮೊದಲು ಕೊಟ್ಟು ಕಳಿಸಿದ್ದರೆ ಗಲಾಟೆಯೇ ಆಗುತ್ತಿರಲಿಲ್ಲ. ಅವರು ನಿಂತು ನೋಡಬೇಕೆಂಬುದು ಅವನ ಇಚ್ಛೆ. ಈ ಭಾಗ ನನಗೆ ಪ್ರತಿ ಸಲವೂ ಕಠಿಣವಾಗಿ ಕಾಣುತ್ತದೆ.

ನವಿ ಮುಂಬೈ (ಪೇಂಟರ್)

ನಾನು ನಾಕಾದಲ್ಲಿ ನಿಲ್ಲುವವನು. ಬರೆಯುವುದು ಅಷ್ಟಾಗಿ ರೂಢಿ ಇಲ್ಲ, ಮಗಳಿಗೆ ಹೇಳಿ ಬರೆಸುತ್ತಿದ್ದೇನೆ.

ಕೆಲಸ ಸಿಗದ ದಿನ ಹೊಟ್ಟೆಗಿಂತ ಕಷ್ಟವಾದದ್ದು ಬುತ್ತಿಯ ಡಬ್ಬಿ. ಬೆಳಿಗ್ಗೆ ಐದಕ್ಕೆ ಎದ್ದು ಹೆಂಡತಿ ರೊಟ್ಟಿ ಬಡಿದು ಕಟ್ಟಿಕೊಟ್ಟಿರುತ್ತಾಳೆ. ಹನ್ನೊಂದಕ್ಕೆ ಅದೇ ಡಬ್ಬಿ ತೆರೆಯದೆ ಮನೆಗೆ ತಂದರೆ ಓಣಿಯವರಿಗೆಲ್ಲ ತಿಳಿಯುತ್ತದೆ. ಅದಕ್ಕೇ ಕೆಲವರು ಸಂಜೆಯವರೆಗೆ ಸ್ಟೇಷನ್ನಿನಲ್ಲೋ ದೇವಸ್ಥಾನದ ಕಟ್ಟೆಯಲ್ಲೋ ಕುಳಿತು, ಅಲ್ಲೇ ಉಂಡು, ಕೆಲಸದವರ ಜೊತೆ ಮನೆಗೆ ಹೋಗುತ್ತಾರೆ. ಐದು ಗಂಟೆಗೂ ಪೇಟೆಯಲ್ಲಿ ನಿಂತಿದ್ದರು ಎಂದರೆ ನನಗೆ ಆಶ್ಚರ್ಯವೇನೂ ಆಗುವುದಿಲ್ಲ.

ನೀವೆಲ್ಲ ಓದಿದವರು. ನಮ್ಮನ್ನು ದೊಡ್ಡ ಭಕ್ತರನ್ನಾಗಿ ಮಾಡಬೇಡಿ. ನಾಕಾದಲ್ಲಿ ದರ ಇಳಿಸಿ ಇನ್ನೊಬ್ಬನ ಕೆಲಸ ಕಿತ್ತುಕೊಳ್ಳುವವರೂ ನಾವೇ. ಯಜಮಾನ ಒಳ್ಳೆಯವನು ಎಂದು ನೀವು ಬರೆದದ್ದು ಸರಿ. ಆದರೆ ಆ ಕಥೆಯಲ್ಲಿ ನನಗೆ ಹಿಡಿಸುವುದು ಇನ್ನೊಂದು. ಹೊತ್ತು ಮುಳುಗಿದ ಕೂಡಲೇ ಕರೆದು ಕೂಲಿ ಕೊಟ್ಟರು. ಹತ್ತು ದಿನ ಕೆಲಸ ಮಾಡಿಸಿಕೊಂಡು, ಬಿಲ್ ಪಾಸಾಗಿಲ್ಲ ಎಂದು ಫೋನ್ ಎತ್ತದ ಮುಕಾದಮರು, ಅಂದರೆ ಆಳು ಒದಗಿಸುವ ಮೇಸ್ತ್ರಿಗಳು, ನಮಗೆ ಸಿಗುತ್ತಾರೆ. ಎಲ್ಲಿ ದೂರು ಕೊಡುವುದು? ನಾವು ಅಲ್ಲಿ ಕೆಲಸ ಮಾಡಿದೆವು ಎನ್ನುವುದಕ್ಕೆ ಒಂದು ಚೀಟಿಯೂ ಇರುವುದಿಲ್ಲ. ಒಂದು ತಾಸಿಗೆ ದಿನದ ಕೂಲಿ ನನಗೆ ಬೇಡ. ದಿನದ ಕೂಲಿ ಆ ದಿನವೇ ಸಿಕ್ಕರೆ ಸಾಕು.

ಕಲ್ಯಾಣ (ಚರ್ಚೆ ಆರಂಭಿಸಿದವರು)

ಪೇಂಟರ್ ಅಣ್ಣನವರು ಹೇಳಿದ್ದು ಧರ್ಮೋಪದೇಶಕಾಂಡ 24:14–15ರ ಆಜ್ಞೆ. ಬಡ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕು, ಅವನು ಅದರ ಮೇಲೆ ಜೀವ ಇಟ್ಟುಕೊಂಡಿರುತ್ತಾನೆ, ಅವನು ಕರ್ತನಿಗೆ ಮೊರೆಯಿಟ್ಟರೆ ನಿನ್ನ ಮೇಲೆ ಪಾಪ ಬರುತ್ತದೆ. ಅಲ್ಲಿ ಸ್ವಜನ, ಪರದೇಶಿ ಎಂಬ ಭೇದವೂ ಇಲ್ಲ, ನಿನ್ನ ಊರಿಗೆ ಬಂದ ಪರದೇಶಿಗೂ ಅದೇ ನಿಯಮ. ಯಾಜಕಕಾಂಡ 19:13 ಕೂಲಿಯನ್ನು ಮರುದಿನ ಬೆಳಗಿನವರೆಗೆ ಇಟ್ಟುಕೊಳ್ಳಬೇಡ ಎನ್ನುತ್ತದೆ. ಯಾಕೋಬನು ತನ್ನ ಪತ್ರದಲ್ಲಿ, ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ ಎಂದ (5:4). ಆದ್ದರಿಂದ ಸಾಮ್ಯದ ಯಜಮಾನ ಮೊದಲು ಧರ್ಮಶಾಸ್ತ್ರವನ್ನು ಪಾಲಿಸಿದ, ಆಮೇಲೆ ಉದಾರನಾದ. ಎಂಜಿನಿಯರ್ ಸಹೋದರರು ಕೃಪೆ ಬಂದರೆ ನ್ಯಾಯ ಹೋಗುತ್ತದೆ ಎಂದು ಹೆದರಿದರು. ಕಥೆಯಲ್ಲಿ ಬೆಳಗಿನವರಿಗೆ ನ್ಯಾಯ ಪೂರ್ತಿಯಾಗಿ ಸಂದಿದೆ. ಅದು ಸಂದ ಮೇಲೆಯೇ ಕೃಪೆಯ ಮಾತು ಬರುತ್ತದೆ. ನಮ್ಮಲ್ಲಿ ನ್ಯಾಯವೇ ಬಾಕಿ ಇರುವಾಗ ಕೃಪೆಯ ಪ್ರಸಂಗ ಹೇಗೆ ಮಾಡುವುದು?

ಹೊರಗಿನ ಮುಕಾದಮರನ್ನು ಬಯ್ಯುವ ಮೊದಲು ನಮ್ಮ ಅಂಗಳವನ್ನೇ ನೋಡೋಣ. ಮಳೆಗಾಲಕ್ಕೆ ಮೊದಲು ನಮ್ಮ ದೇವಾಲಯದ ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿದರು. ಕೆಲಸ ಮುಗಿದು ವಾರ ಕಳೆದರೂ ಬಿಗಾರಿಗಳಿಗೆ ಕೂಲಿ ಸಿಗಲಿಲ್ಲ. ಕಾರಣ ಕೇಳಿದರೆ ಚೆಕ್ಕಿಗೆ ಎರಡು ಸಹಿ ಬೇಕು, ಒಬ್ಬರು ಊರಿಗೆ ಹೋಗಿದ್ದಾರೆ ಎಂದರು. ಗುತ್ತಿಗೆದಾರ ಸಭೆಯ ಕಡೆ ಬೆರಳು ತೋರಿಸಿದ, ಸಭೆ ಗುತ್ತಿಗೆದಾರನ ಕಡೆ. ಆ ವಾರದ ಭಾನುವಾರ ಅದೇ ತಾರಸಿಯ ಕೆಳಗೆ ನಾವು ‘ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು’ ಎಂದು ಪ್ರಾರ್ಥಿಸಿದೆವು. ಇದನ್ನು ನಾನು ಆಡಳಿತ ಸಮಿತಿಯಲ್ಲಿಯೂ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ. ನನಗೆ ಬಹಳ ಸಂಕಟವಾಯಿತು.

ಚೀಟಿಯ ವಿಷಯ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ ಬಂದ ನಿಯಮದ ಪ್ರಕಾರ 18ರಿಂದ 60 ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ, ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಕಟ್ಟಡದ ವೆಚ್ಚದ ಮೇಲೆ ವಸೂಲಾಗುವ ಸೆಸ್ (ಉಪಕರ) ಹಣದಿಂದಲೇ ಆ ಮಂಡಳಿ ನಡೆಯುತ್ತದೆ. ನಾಕಾದವನು ಇಂದು ಒಬ್ಬನ ಬಳಿ, ನಾಳೆ ಇನ್ನೊಬ್ಬನ ಬಳಿ ದುಡಿಯುವುದರಿಂದ ಆ 90 ದಿನಕ್ಕೆ ಸಾಕ್ಷಿ ಕೊಡುವವರು ಸಿಗುವುದಿಲ್ಲ. ನಮ್ಮ ಸಭೆಗಳಲ್ಲಿ ಎಂಜಿನಿಯರುಗಳಿದ್ದಾರೆ, ಸಣ್ಣ ಗುತ್ತಿಗೆದಾರರಿದ್ದಾರೆ. ತಮ್ಮ ಬಳಿ ನಿಜವಾಗಿ ದುಡಿದವರಿಗೆ ದುಡಿದಷ್ಟು ದಿನಗಳ ಪತ್ರ ಬರೆದು ಸಹಿ ಹಾಕಲು ಅವರಿಗೆ ಏನು ಅಡ್ಡಿ?

ಪಿಂಪ್ರಿ, ಪುಣೆ (ಸೈಟ್ ಎಂಜಿನಿಯರ್)

ಪತ್ರದ ಮಾತು ನ್ಯಾಯವಾದದ್ದು, ಸುಳ್ಳು ದಿನ ಸೇರಿಸಿ ಕೇಳಬಾರದು ಅಷ್ಟೆ. ನನ್ನ ಹಾಜರಿ ಪುಸ್ತಕದಲ್ಲಿ ಇರುವವರಿಗೆ ಕಂಪನಿಯಿಂದ ಸಹಿ ಮಾಡಿಸಿಕೊಡುವ ಪ್ರಯತ್ನ ನಾನು ಮಾಡುತ್ತೇನೆ.

ಮಳೆಯ ದಿನಗಳ ಬಗ್ಗೆಯೂ ಒಂದು ಮಾತು. ಆಳುಗಳು ಎಂಟಕ್ಕೆ ಬಂದು ನಿಂತಿರುತ್ತಾರೆ, ಒಂಬತ್ತಕ್ಕೆ ಮಳೆ ಹಿಡಿದರೆ ಕೆಲಸ ನಿಂತಿತು ಎಂದು ಬರಿಗೈಯಲ್ಲಿ ಕಳಿಸುತ್ತಾರೆ. ಬಂದದ್ದು ಅವರ ತಪ್ಪೂ ಅಲ್ಲ, ಮಳೆ ಬಂದದ್ದೂ ಅಲ್ಲ. ಅಂಥ ದಿನ ಅರ್ಧ ಹಾಜರಿ ಕೊಡಬೇಕೆಂದು ನಾನು ಮೇಲಿನವರಿಗೆ ಹೇಳುತ್ತಾ ಬಂದಿದ್ದೇನೆ, ಈ ಚರ್ಚೆ ಓದಿದ ಮೇಲೆ ಇನ್ನೂ ಜೋರಾಗಿ ಹೇಳುವ ಮನಸ್ಸಾಗಿದೆ. ಆದರೆ ಸಾಮ್ಯವು ಮೂಲತಃ ಕೃಪೆಯದೇ ಎಂಬ ನನ್ನ ನಿಲುವನ್ನು ಬಿಟ್ಟಿಲ್ಲ.

ವಾಸ್ಕೋ, ಗೋವಾ

ಒಂದು ಪ್ರಶ್ನೆ ಎಲ್ಲರೂ ಬಿಟ್ಟಿದ್ದೀರಿ. ನಾಕಾದಲ್ಲಿ ಗಂಡು ಬಿಗಾರಿಗೂ ಹೆಣ್ಣು ಬಿಗಾರಿಗೂ ಕೂಲಿ ಒಂದೇ ಇರುವುದಿಲ್ಲ. ಅದೇ ಬುಟ್ಟಿ, ಅದೇ ಮರಳು, ಅದೇ ಮೆಟ್ಟಿಲು. 1976ರಲ್ಲೇ ಸಮಾನ ವೇತನದ ಕಾಯ್ದೆ ಬಂದಿತ್ತು. ಇಲ್ಲಿ ಒಂದು ತಾಸಿನವನಿಗೂ ಪೂರ್ತಿ ಕೂಲಿ ಕೊಡಬಹುದೇ ಎಂದು ಚರ್ಚಿಸುತ್ತಿದ್ದೇವೆ. ಹನ್ನೆರಡು ತಾಸು ದುಡಿದವಳಿಗೇ ಪೂರ್ತಿ ಕೂಲಿ ಇಲ್ಲ.

ಕಲ್ಯಾಣ (ಚರ್ಚೆ ಆರಂಭಿಸಿದವರು)

ಅಕ್ಕ, ನಿಮ್ಮ ಪ್ರಶ್ನೆಯನ್ನು ಹಾಗೆಯೇ ನಮ್ಮ ಆಡಳಿತ ಸಮಿತಿಯ ಮುಂದೆ ಇಟ್ಟೆ. ನಿನ್ನೆಯ ಕೂಟದಲ್ಲಿ ಎರಡು ವಿಷಯಗಳು ಚರ್ಚೆಗೆ ಬಂದವು. ದೇವಾಲಯದ ಯಾವ ಕೆಲಸವೇ ಇರಲಿ, ಕೂಲಿಯ ಭಾಗವನ್ನು ಖಜಾಂಚಿಯ ಬಳಿ ಮೊದಲೇ ತೆಗೆದಿರಿಸಿ ಪ್ರತಿದಿನ ಸಂಜೆ ಆಳುಗಳ ಕೈಗೇ ಕೊಟ್ಟು ಸಹಿ ಪಡೆಯಬೇಕು ಎಂಬುದು ಒಪ್ಪಿಗೆಯಾಯಿತು. ಸಭಾಪಾಲಕರಾದ ಅಯ್ಯನವರೇ ಅದನ್ನು ಅನುಮೋದಿಸಿದರು. ಹೆಂಗಸರಿಗೂ ಗಂಡಸರಿಗೂ ಒಂದೇ ದರ ಎಂಬುದನ್ನು ಮುಂದಿನ ಕೂಟಕ್ಕೆ ಹಾಕಿದ್ದಾರೆ. ಗುತ್ತಿಗೆದಾರರು ಒಪ್ಪುವುದಿಲ್ಲ, ವೆಚ್ಚ ಹೆಚ್ಚಾಗುತ್ತದೆ ಎಂದು ಇಬ್ಬರು ಹಿರಿಯರು ವಾದಿಸಿದರು. ನಾನು ಒಪ್ಪಲಿಲ್ಲ. ಮಹಿಳಾ ಸಂಘದವರು ಮುಂದಿನ ಕೂಟಕ್ಕೆ ತಾವೂ ಬರುತ್ತೇವೆಂದು ಹೇಳಿದ್ದಾರೆ. ಅದರೊಳಗೆ ನಿಮ್ಮ ನಿಮ್ಮ ಸಭೆಗಳಲ್ಲಿ, ಧರ್ಮಕೇಂದ್ರಗಳಲ್ಲಿ ಈ ದರ ಹೇಗಿದೆ ಎಂದು ಕೇಳಿ ಇಲ್ಲಿ ತಿಳಿಸಿದರೆ ನನಗೆ ಅಲ್ಲಿ ಮಾತಾಡಲು ಆಧಾರ ಸಿಗುತ್ತದೆ.